ಪಂಪ್ ಓಡುತ್ತಿತ್ತು, ನೀರು ಏರುತ್ತಲೇ ಇತ್ತು: ಒಂದು ಬೇಸ್‌ಮೆಂಟ್ ಪ್ರಕರಣ

ಬೇಸ್‌ಮೆಂಟ್‌ನಲ್ಲಿ ನೀರು ತುಂಬಿತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಪಂಪ್ ಓಡಲಿಲ್ವಾ? ಈ ಪ್ರಕರಣದಲ್ಲಿ ಪಂಪ್ ಓಡಿತ್ತು. ರಾತ್ರಿಯಿಡೀ ಓಡಿತ್ತು. ಬೆಳಿಗ್ಗೆ ನಾವು ಪ್ಯಾನೆಲ್ ನೋಡಿದಾಗಲೂ ಹಸಿರು ದೀಪ ಉರಿಯುತ್ತಿತ್ತು, ಆಂಪ್‌ಮೀಟರಿನ ಮುಳ್ಳು ಇರಬೇಕಾದ ಜಾಗದಲ್ಲೇ ಇತ್ತು. ಆದರೂ ಕೆಳಗಿನ ಬೇಸ್‌ಮೆಂಟ್‌ನಲ್ಲಿ 35 ಸೆಂಟಿಮೀಟರ್ ನೀರು ನಿಂತಿತ್ತು. ಲಿಫ್ಟ್ ಗುಂಡಿ ಪೂರ್ತಿ ಮುಳುಗಿತ್ತು, ಕಾರುಗಳ ಒಳಗೆ ಕೆಸರು ಹೊಕ್ಕಿತ್ತು.

ಪಂಪ್ ಕೆಟ್ಟು ನೀರು ತುಂಬಿದರೆ ಅದರಲ್ಲಿ ಬಿಡಿಸಿ ಹೇಳುವಂಥದ್ದು ಏನೂ ಇಲ್ಲ. ಪಂಪ್ ಓಡುತ್ತಿದ್ದೂ ತುಂಬಿತು ಅಂದರೆ, ಅಷ್ಟು ದಿನ ನಿರ್ವಹಣೆ ಅಂತ ಏನು ಮಾಡುತ್ತಿದ್ದರೋ ಅದನ್ನೇ ಬಿಡಿಸಿ ನೋಡಬೇಕಾಗುತ್ತೆ. ಪಂಪ್ ನಿರ್ವಹಣೆಯೇ ನಮ್ಮ ಕೆಲಸ. ಈ ಕಟ್ಟಡದ ಜವಾಬ್ದಾರಿ ನಮ್ಮ ಕೈಗೆ ಬಂದಿದ್ದು ನೀರು ತುಂಬಿದ ದಿನವೇ.

ಮೊದಲು ವ್ಯವಸ್ಥೆ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ವಸತಿ ಕಟ್ಟಡ, ಪಾರ್ಕಿಂಗ್‌ಗೆ ಎರಡು ಬೇಸ್‌ಮೆಂಟ್. ಕೆಳಗಿನ ಬೇಸ್‌ಮೆಂಟ್ ನೆಲದ ವಿಸ್ತೀರ್ಣ ಸುಮಾರು 400 ಚದರ ಮೀಟರ್, ರಸ್ತೆ ಮಟ್ಟದಿಂದ ಏಳು ಮೀಟರ್‌ಗಿಂತ ಸ್ವಲ್ಪ ಆಳ. ಅದರ ಅತಿ ತಗ್ಗಿನ ಮೂಲೆಯಲ್ಲಿ ಒಂದು ಸಂಪ್ ಗುಂಡಿ (ಕುಡಿಯುವ ನೀರಿನ ಸಂಪ್ ಅಲ್ಲ, ಇದು ಒಸರುವ ನೀರು, ಮಳೆ ನೀರು ಬಂದು ಸೇರುವ ಗುಂಡಿ). ಉದ್ದ ಅಗಲ ಒಂದೂವರೆ ಮೀಟರ್, ಆಳ ಎರಡು ಮೀಟರ್. ಗೋಡೆಯ ಬುಡದಲ್ಲಿ ಹಾಕಿರುವ ತೂತಿನ ಪೈಪುಗಳಿಂದ ಅಂತರ್ಜಲ ಬರುತ್ತೆ, ರ‍್ಯಾಂಪ್‌ನ ಕೆಳಗಿನ ಚರಂಡಿಯಿಂದ ಮಳೆ ನೀರು ಬರುತ್ತೆ. ಒಳಗೆ ಎರಡು ಸಬ್‌ಮರ್ಸಿಬಲ್ ಪಂಪ್, ಒಂದು ಕೆಲಸಕ್ಕೆ, ಇನ್ನೊಂದು ಸ್ಟ್ಯಾಂಡ್‌ಬೈ. ಎರಡರ ಪೈಪೂ ಮೇಲೆ ಒಂದೇ ದೊಡ್ಡ ಪೈಪಿಗೆ ಸೇರುತ್ತೆ, ಅದು ಹೊರಗಿನ ಮಳೆ ನೀರು ಚರಂಡಿಗೆ ಹೋಗುತ್ತೆ. ಸೇರುವ ಮುಂಚೆ ಪ್ರತಿ ಪಂಪಿನ ಪೈಪಿಗೂ ಒಂದು ಎನ್‌ಆರ್‌ವಿ, ಅಂದರೆ ನೀರು ಮೇಲೆ ಹೋಗಲು ಬಿಟ್ಟು ವಾಪಸ್ ಬರದಂತೆ ತಡೆಯುವ ವಾಲ್ವ್, ಮತ್ತು ಕೈಯಿಂದ ಮುಚ್ಚುವ ಒಂದು ಗೇಟ್ ವಾಲ್ವ್. ನೀರಿನ ಮಟ್ಟಕ್ಕೆ ನಾಲ್ಕು ಫ್ಲೋಟ್, ಅಂದರೆ ನೀರಿನ ಜೊತೆ ಮೇಲೆದ್ದು ಕೆಲಸ ಮಾಡುವ ತೇಲು ಸ್ವಿಚ್: ಕೆಳಗಿನದು ನಿಲ್ಲಿಸಲು, ಅದರ ಮೇಲಿನದು ಮೊದಲ ಪಂಪ್ ಹಚ್ಚಲು, ಇನ್ನೂ ಮೇಲಿನದು ಎರಡನೆಯದನ್ನೂ ಹಚ್ಚಲು, ಎಲ್ಲಕ್ಕಿಂತ ಮೇಲಿನದು ಹೂಟರ್ ಬಾರಿಸಲು. ಕಾಗದದ ಮೇಲೆ ಒಳ್ಳೆಯ ವ್ಯವಸ್ಥೆ. ಇಂಥದ್ದೇ ಸಾವಿರಾರು ಕಟ್ಟಡಗಳಲ್ಲಿ ಇರುತ್ತೆ.

ನೀರಿಗಿಳಿಯುವ ಮುಂಚೆ

ಇದನ್ನು ಬೇಗ ಹೇಳಿ ಮುಗಿಸಬಹುದಿತ್ತು. ಆದರೆ ಜೀವ ಹೋಗುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಿಂತ ನೀರಿನಲ್ಲಿ ಯಾವ ಸಾಕೆಟ್ ಮುಳುಗಿದೆ, ಯಾವ ವೈರಿನ ಜಾಯಿಂಟ್ ಬಿಚ್ಚಿಕೊಂಡಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಹಾಗಾಗಿ ಆ ಬೇಸ್‌ಮೆಂಟ್‌ನ ಪೂರ್ತಿ ವಿದ್ಯುತ್ ಮೇಲಿನ ಮುಖ್ಯ ಪ್ಯಾನೆಲ್‌ನಲ್ಲಿ ಕಡಿದು, ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡ ಮೇಲಷ್ಟೇ ಯಾರಾದರೂ ಕಾಲಿಡಬೇಕು. ಅಲ್ಲಿನ ಕಾವಲುಗಾರರು ರಾತ್ರಿಯೇ ಲಿಫ್ಟನ್ನು ಮೇಲಿನ ಮಹಡಿಗೆ ಕಳಿಸಿ ಆಫ್ ಮಾಡಿದ್ದರು, ಕೆಳಗೆ ಯಾರನ್ನೂ ಬಿಟ್ಟಿರಲಿಲ್ಲ. ಆ ರಾತ್ರಿ ನಡೆದ ಅತ್ಯಂತ ಒಳ್ಳೆಯ ಕೆಲಸ ಅದು.

ನಿವಾಸಿಗಳಲ್ಲಿ ಒಬ್ಬರು ಪೆಟ್ರೋಲ್ ಎಂಜಿನ್ ಪಂಪ್ ತರಿಸಿದ್ದರು, ರ‍್ಯಾಂಪ್ ಇಳಿಸಿ ಕೆಳಗೇ ಇಟ್ಟು ಓಡಿಸೋಣ ಅಂತ. ಬೇಡವೇ ಬೇಡ ಅಂದೆವು. ಗಾಳಿ ಆಡದ ಜಾಗದಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಮುಳುಗಿದ ಕಾರುಗಳಿಂದ ಪೆಟ್ರೋಲ್ ಆವಿ ಬೇರೆ ಇರಬಹುದು. ಸರಿ, ಹಾಗಿದ್ದರೆ ಎಂಜಿನ್ ಮೇಲೇ ಇಟ್ಟು ಉದ್ದದ ಪೈಪ್ ಬಿಡೋಣ ಅಂದರು. ಅದೂ ಆಗುವುದಿಲ್ಲ. ಮೇಲೆ ಕೂತು ಹೀರುವ ಪಂಪ್ ಎಷ್ಟೇ ದೊಡ್ಡದಿರಲಿ, ಗಾಳಿಯ ಒತ್ತಡ ನೀರನ್ನು ತಳ್ಳುವುದು ಲೆಕ್ಕದಲ್ಲಿ ಸುಮಾರು 10 ಮೀಟರ್, ಕೈಗೆ ಸಿಗುವುದು ಹೆಚ್ಚೆಂದರೆ ಏಳು. ಇಲ್ಲಿನ ಆಳ ಅದಕ್ಕಿಂತ ಜಾಸ್ತಿ. ಆದ್ದರಿಂದ ಕೆಳಗಿನಿಂದ ತಳ್ಳುವ ಪಂಪೇ ಬೇಕು. ತಾತ್ಕಾಲಿಕ ಸಬ್‌ಮರ್ಸಿಬಲ್ ಒಂದನ್ನು ಹಗ್ಗ ಕಟ್ಟಿ ಮೇಲಿನಿಂದ ಇಳಿಬಿಟ್ಟು, 30 ಮಿಲಿ ಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಮೂಲಕ ಕರೆಂಟ್ ಕೊಟ್ಟು ಖಾಲಿ ಮಾಡಿದೆವು. ಇಲ್ಲಿ ನೀರಿದ್ದದ್ದು 35 ಸೆಂಟಿಮೀಟರ್, ಹಾಗಾಗಿ ಒಂದೇ ಸಲ ತೆಗೆದೆವು. ಗೋಡೆಯ ಅರ್ಧದವರೆಗೆ ತುಂಬಿದ್ದರೆ ಹಾಗೆ ಮಾಡಬಾರದು. ಹೊರಗಿನ ಮಣ್ಣು ನೆಂದು ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತೆ, ಒಳಗಿನ ನೀರು ಅದನ್ನು ತಡೆದು ನಿಲ್ಲಿಸಿರುತ್ತೆ. ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ರಿಜಿಸ್ಟರ್‌ನಲ್ಲಿ ಎಲ್ಲವೂ ಸರಿ

ನೀರು ಇಳಿಯುತ್ತಿದ್ದ ಹೊತ್ತಿನಲ್ಲಿ ನಿರ್ವಹಣೆಯ ರಿಜಿಸ್ಟರ್ ತರಿಸಿ ನೋಡಿದೆವು. ವಾರ ತಪ್ಪದೆ ಭರ್ತಿಯಾಗಿತ್ತು. ಮೊದಲ ಪಂಪ್ ಸರಿ, ಎರಡನೇ ಪಂಪ್ ಸರಿ, ಪ್ಯಾನೆಲ್ ಸರಿ. ಯಾರೋ ಸುಮ್ನೆ ಕೂತು ಟಿಕ್ ಹಾಕಿದ್ದಾರೆ ಅಂತ ನಿವಾಸಿಗಳು ಸಿಟ್ಟಾಗಿದ್ದರು. ನನಗೆ ಹಾಗನ್ನಿಸಲಿಲ್ಲ. ಆ ಕೆಲಸ ಮಾಡುತ್ತಿದ್ದ ಹುಡುಗನನ್ನು ಕರೆದು ಕೇಳಿದಾಗ ಅವನು ಮಾಡುತ್ತಿದ್ದುದನ್ನು ನೇರವಾಗಿ ಹೇಳಿದ. ಸ್ವಿಚ್ಚನ್ನು ಆಟೋದಿಂದ ಮ್ಯಾನುವಲ್‌ಗೆ ತಿರುಗಿಸುವುದು, ಮೋಟರ್ ಸದ್ದು ಕೇಳುವುದು, ಆಂಪ್‌ಮೀಟರ್ ನೋಡುವುದು, ನಿಲ್ಲಿಸುವುದು, ಮತ್ತೆ ಆಟೋಗೆ ತಿರುಗಿಸಿ ಟಿಕ್ ಹಾಕುವುದು. ಅವನಿಗೆ ಕಲಿಸಿದ್ದೇ ಅಷ್ಟು. ಅದನ್ನು ಅವನು ನಿಷ್ಠೆಯಿಂದ ಮಾಡಿದ್ದ.

ಈ ತಪಾಸಣೆಯಲ್ಲಿ ಯಾವುದನ್ನು ನೋಡಿಲ್ಲ ಅಂತ ಒಮ್ಮೆ ಯೋಚಿಸಿ. ಮ್ಯಾನುವಲ್‌ನಲ್ಲಿ ಓಡಿಸಿದರೆ ಫ್ಲೋಟ್‌ಗಳ ಪರೀಕ್ಷೆ ಆಗುವುದಿಲ್ಲ. ಸದ್ದು ಕೇಳಿದರೆ ಮೋಟರ್ ತಿರುಗುತ್ತಿದೆ ಅಂತ ಗೊತ್ತಾಗುತ್ತೆ, ನೀರು ಹೊರಗೆ ಹೋಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಆಂಪ್‌ಮೀಟರ್ ಕೂಡ ಅಷ್ಟೇ. ಇಂಪೆಲ್ಲರ್‌ಗೆ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಕಲ್ಲು ಸಿಕ್ಕಿಕೊಂಡರೆ ಮುಳ್ಳು ಮೇಲೇರುತ್ತೆ, ಪೈಪ್ ಪೂರ್ತಿ ಕಟ್ಟಿಕೊಂಡರೆ ಸಾಮಾನ್ಯವಾಗಿ ಕೆಳಗಿಳಿಯುತ್ತೆ. ಆದರೆ ಪಂಪ್ ನೀರನ್ನು ಎತ್ತುತ್ತಿದ್ದು, ಆ ನೀರು ಬೇರೆಲ್ಲೋ ಹೋಗುತ್ತಿದ್ದರೆ? ಆಗ ಮುಳ್ಳು ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿರುತ್ತೆ.

ಆಫ್ ಆಗಿದ್ದ ಪಂಪಿನ ಮೇಲೆ ಉಕ್ಕುವ ನೀರು

ನೀರು ಗುಂಡಿಯ ಬಾಯಿಯವರೆಗೆ ಇಳಿದ ಮೇಲೆ ಎರಡೂ ಪಂಪ್‌ಗಳ ಮೋಟರ್ ವೈಂಡಿಂಗ್‌ಗೆ ಮೆಗ್ಗರ್ (ವೈರಿನ ಇನ್ಸುಲೇಶನ್ ಗಟ್ಟಿಯಾಗಿದೆಯೇ ಅಂತ ಅಳೆಯುವ ಮೀಟರ್) ಹಚ್ಚಿದೆವು. 500 ವೋಲ್ಟ್ ಕೊಟ್ಟು ನೋಡಿದಾಗ ಮೊದಲನೆಯದು ಆರಾಮವಾಗಿತ್ತು. ಎರಡನೆಯದು 0.8 ಮೆಗಾ ಓಮ್. ಇಂಥ ಮೋಟರ್‌ನಲ್ಲಿ ಒಂದಕ್ಕಿಂತ ಕೆಳಗೆ ಹೋದರೆ ಹಚ್ಚುವ ಯೋಚನೆಯನ್ನೇ ಮಾಡಬಾರದು. ಹಾಗಾಗಿ ಎರಡನೆಯದನ್ನು ಪ್ಯಾನೆಲ್‌ನಿಂದಲೇ ಬೇರ್ಪಡಿಸಿ, ಮೊದಲನೆಯದನ್ನು ಮಾತ್ರ ಹಚ್ಚಿ, ಗುಂಡಿಯ ಮೇಲೆ ಟಾರ್ಚ್ ಹಿಡಿದು ನಿಂತೆವು.

ನೀರು ಇಳಿಯುತ್ತಿತ್ತು, ಆದರೆ ಬಹಳ ನಿಧಾನ. ಬಲಗಡೆಯ ಮೂಲೆಯಲ್ಲಿ, ಅಂದರೆ ವಿದ್ಯುತ್ತೇ ಇಲ್ಲದ ಎರಡನೇ ಪಂಪಿನ ಸರಿಯಾಗಿ ಮೇಲೆ, ನೀರು ಕುದಿಯುವ ಹಾಗೆ ಉಕ್ಕುತ್ತಿತ್ತು. ತಳದ ಹೂಳು ಎದ್ದು ಎದ್ದು ಮೇಲೆ ಬರುತ್ತಿತ್ತು. ಮೊದಲ ಪಂಪ್ ನಿಲ್ಲಿಸಿದೆವು. ಪೈಪಿನಲ್ಲಿದ್ದ ನೀರು ಇಳಿಯುವವರೆಗೆ ಇನ್ನೂ ಸ್ವಲ್ಪ ಉಕ್ಕಿ ಆಮೇಲೆ ನಿಂತಿತು. ಮತ್ತೆ ಹಚ್ಚಿದೆವು, ಮತ್ತೆ ಉಕ್ಕಿತು. ಮೊದಲ ಪಂಪ್ ಎತ್ತಿದ ನೀರು ಮೇಲಿನ ಸೇರುಪೈಪಿಗೆ ಹೋಗಿ, ಅಲ್ಲಿಂದ ಎರಡನೇ ಪಂಪಿನ ಪೈಪಿನಲ್ಲಿ ಕೆಳಗಿಳಿದು, ಅದರ ಇಂಪೆಲ್ಲರ್ ಮೂಲಕ ಮತ್ತೆ ಗುಂಡಿಗೇ ಬರುತ್ತಿತ್ತು. ಅಂದರೆ ರಾತ್ರಿಯಿಡೀ ಅದೇ ನೀರನ್ನೇ ಎತ್ತಿ ಸುರಿದು ಎತ್ತಿ ಸುರಿದು ಮಾಡಿದ್ದಾಯಿತು.

ಕಣ್ಣಿಗೆ ಕಂಡಿದ್ದು ಸಾಲದು, ಅಳೆಯಬೇಕು. ಅಳೆಯಲು ದುಬಾರಿ ಫ್ಲೋ ಮೀಟರ್ ಬೇಕಿಲ್ಲ, ಗುಂಡಿಯೇ ಅಳತೆಯ ಪಾತ್ರೆ. ಒಂದೂವರೆ ಮೀಟರ್‌ಗೆ ಒಂದೂವರೆ ಮೀಟರ್ ಅಂದರೆ 2.25 ಚದರ ಮೀಟರ್. ಒಂದು ಸೆಂಟಿಮೀಟರ್ ನೀರು ಅಂದರೆ 22.5 ಲೀಟರ್. ಮೊದಲು ಪಂಪ್ ನಿಲ್ಲಿಸಿ ನೋಡಿದೆವು: ನಿಮಿಷಕ್ಕೆ ಎರಡು ಸೆಂಟಿಮೀಟರ್ ಏರುತ್ತಿತ್ತು, ಅಂದರೆ ಒಳಹರಿವು 45 ಲೀಟರ್. ಪಂಪ್ ಹಚ್ಚಿದಾಗ ನಿಮಿಷಕ್ಕೆ ಆರು ಸೆಂಟಿಮೀಟರ್ ಇಳಿಯಿತು, ಅಂದರೆ 135 ಲೀಟರ್. ಇದಕ್ಕೆ ಒಳಹರಿವು ಸೇರಿಸಿದರೆ ಹೊರಗೆ ಹೋಗುತ್ತಿದ್ದದ್ದು 180 ಲೀಟರ್. ಆ ಎತ್ತರಕ್ಕೆ ಆ ಪಂಪ್ ಕೊಡಬೇಕಾದದ್ದು ನಿಮಿಷಕ್ಕೆ 400 ಲೀಟರ್ ಹತ್ತಿರ ಅಂತ ತಯಾರಕರ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಅಂತ ತೋರಿಸುವ ನಕ್ಷೆ) ಹೇಳುತ್ತಿತ್ತು. ಆಮೇಲೆ ಎರಡನೇ ಪಂಪಿನ ಗೇಟ್ ವಾಲ್ವನ್ನು ಕೈಯಿಂದ ಮುಚ್ಚಿದೆವು. ಎಷ್ಟೋ ಕಾಲದಿಂದ ಯಾರೂ ಮುಟ್ಟದೆ ಬಿಗಿದುಕೊಂಡಿತ್ತು, ತಿರುಗಿಸಲು ಇಬ್ಬರು ಬೇಕಾದರು. ಮುಚ್ಚಿದ ಕೂಡಲೇ ಉಕ್ಕುವುದು ನಿಂತಿತು, ನೀರು ನಿಮಿಷಕ್ಕೆ 15 ಸೆಂಟಿಮೀಟರ್ ಇಳಿಯತೊಡಗಿತು. ಲೆಕ್ಕ ಹಾಕಿದರೆ 380 ಲೀಟರ್ ಚಿಲ್ಲರೆ. ಪಂಪಿನಲ್ಲಿ ಏನೂ ದೋಷ ಇರಲಿಲ್ಲ. ಕನಿಷ್ಠ 200 ಲೀಟರ್ ಪ್ರತಿ ನಿಮಿಷವೂ ವಾಪಸ್ ಬರುತ್ತಿತ್ತು ಅಷ್ಟೇ.

ಇದೇ ಲೆಕ್ಕ ಆ ರಾತ್ರಿಯದ್ದನ್ನೂ ಹೇಳುತ್ತೆ. 400 ಚದರ ಮೀಟರ್ ಮೇಲೆ 35 ಸೆಂಟಿಮೀಟರ್ ಅಂದರೆ 1,40,000 ಲೀಟರ್. ಕಾವಲುಗಾರರು ಹೇಳಿದ ಪ್ರಕಾರ ನೀರು ಏರಿದ್ದು ಸುಮಾರು ಎಂಟು ಗಂಟೆ ಕಾಲ. ನಿಮಿಷಕ್ಕೆ 290 ಲೀಟರ್ ಉಳಿದುಕೊಂಡಿತು ಅಂತ ಆಯಿತು. ಹೊರಹೋದ 180 ಸೇರಿಸಿದರೆ ಒಳಬಂದದ್ದು ಸರಾಸರಿ 470. ಒಂದು ಪಂಪ್ ಸರಿಯಾಗಿ ಕೆಲಸ ಮಾಡಿದ್ದರೂ ಸಾಲುತ್ತಿರಲಿಲ್ಲ, ಇದನ್ನು ಒಪ್ಪಬೇಕು. ಆದರೆ ಎರಡೂ ಓಡಿದ್ದರೆ ಸಾಲುತ್ತಿತ್ತು: ರಿಪೇರಿಯ ನಂತರ ಎರಡನ್ನೂ ಒಟ್ಟಿಗೆ ಓಡಿಸಿ ಅಳೆದಾಗ 650ರ ಹತ್ತಿರ ಬಂತು. (ಎರಡು ಪಂಪ್ ಅಂದರೆ ಎರಡರಷ್ಟು ನೀರು ಅಂತ ಲೆಕ್ಕ ಹಾಕಬಾರದು. ಒಂದೇ ಪೈಪಿನಲ್ಲಿ ಜಾಸ್ತಿ ನೀರು ನುಗ್ಗಿದಾಗ ಘರ್ಷಣೆಯೂ ಜಾಸ್ತಿಯಾಗುತ್ತೆ.)

ಹಾಗಾದರೆ ಎರಡನೆಯದು ಯಾಕೆ ಹಚ್ಚಿಕೊಳ್ಳಲಿಲ್ಲ

ಎರಡನೇ ಪಂಪಿನ ಎನ್‌ಆರ್‌ವಿ ಬಿಚ್ಚಿದಾಗ ಅದರ ಬಾಗಿಲಿನ ಕೆಳಗೆ ಹೆಬ್ಬೆರಳಿನಷ್ಟು ದೊಡ್ಡ ಸಿಮೆಂಟ್ ಉಂಡೆ ಸಿಕ್ಕಿಕೊಂಡಿತ್ತು, ಅದರೊಳಗೆ ಒಂದು ಟೈಲ್ ಸ್ಪೇಸರ್ (ಟೈಲ್‌ಗಳ ನಡುವೆ ಸಮ ಅಂತರಕ್ಕೆ ಇಡುವ ಚೂರು) ಹುದುಗಿತ್ತು. ವಿಚಾರಿಸಿದರೆ ಕೆಲವು ತಿಂಗಳ ಹಿಂದೆ ಮೇಲಿನ ಬೇಸ್‌ಮೆಂಟ್‌ನಲ್ಲಿ ಟೈಲ್ ಕೆಲಸ ನಡೆದಿತ್ತು, ಗಾರೆಯ ಬಾಂಡ್ಲಿಗಳನ್ನು ತೊಳೆದ ನೀರು ನೇರ ಚರಂಡಿಗೆ ಹೋಗಿತ್ತು. ಎರಡನೇ ಪಂಪನ್ನು ವಾರಕ್ಕೊಮ್ಮೆ ಕೆಲವೇ ಕ್ಷಣ ಮ್ಯಾನುವಲ್‌ನಲ್ಲಿ ಓಡಿಸುತ್ತಿದ್ದರು. ಹಾಗೆ ಓಡಿಸಿದ ಯಾವುದೋ ಒಂದು ಸಲ ಆ ಉಂಡೆ ಮೇಲೆದ್ದು ಬಾಗಿಲಿಗೆ ಸಿಕ್ಕಿಕೊಂಡಿದೆ. ಓಡಿಸುವುದು ಅಷ್ಟು ಕಡಿಮೆ ಹೊತ್ತಾದ್ದರಿಂದ ಅದು ದಾಟಿಯೂ ಹೋಗಿಲ್ಲ, ಕೆಳಗೂ ಬಿದ್ದಿಲ್ಲ. ಪರೀಕ್ಷೆಗೆಂದು ಮಾಡಿದ ಕೆಲಸವೇ ವಾಲ್ವನ್ನು ತೆರೆದಿಟ್ಟಿತ್ತು ಅನ್ನುವುದು ನನಗೆ ಈ ಪ್ರಕರಣದಲ್ಲಿ ಅತ್ಯಂತ ಬೇಸರದ ಸಂಗತಿ.

ಎರಡನೇ ಪಂಪನ್ನು ಹಚ್ಚಬೇಕಿದ್ದ ಮೂರನೇ ಫ್ಲೋಟ್ ಪಂಪ್ ಎತ್ತುವ ಸರಪಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ನೀರು ಏರಿದಾಗ ಅದು ಮೇಲೆದ್ದಿಲ್ಲ, ಅಲ್ಲೇ ಮುಳುಗಿದೆ. ಅದರ ಮೇಲೆ ಕಿತ್ತಳೆ ಬಣ್ಣದ ಲೋಳೆ ದಪ್ಪಗೆ ಕೂತಿತ್ತು. ಇದು ಕಬ್ಬಿಣದ ಅಂಶವಿರುವ ಅಂತರ್ಜಲದಲ್ಲಿ ಬ್ಯಾಕ್ಟೀರಿಯಾ ಕಟ್ಟುವ ಲೋಳೆ, ಇಂಥ ಗುಂಡಿಗಳಲ್ಲಿ ಸಾಮಾನ್ಯ. ಸುಮ್ನೆ ಬಿಟ್ಟರೆ ಫ್ಲೋಟನ್ನು ಭಾರ ಮಾಡುತ್ತೆ, ಗೋಡೆಗೆ ಅಂಟಿಸುತ್ತೆ, ತೂತಿನ ಪೈಪುಗಳನ್ನು ಮುಚ್ಚುತ್ತೆ. ಇನ್ನು ಎರಡನೇ ಪಂಪಿನ ಆಯಿಲ್ ಚೇಂಬರ್ ಬಿಚ್ಚಿದಾಗ ಎಣ್ಣೆ ಬೆಳ್ಳಗೆ ಕದಡಿತ್ತು. ಕೆಳಗಿನ ಸೀಲ್ ಸವೆದು ನೀರು ಒಳಬಂದಿದೆ ಅಂತ ಅರ್ಥ. ಅಂದರೆ ಫ್ಲೋಟ್ ಎದ್ದಿದ್ದರೂ ಆ ಮೋಟರ್ ಬೆಳಗಿನವರೆಗೆ ತಡೆಯುತ್ತಿತ್ತು ಅನ್ನುವ ಭರವಸೆ ಇರಲಿಲ್ಲ. ಆಯಿಲ್ ನೋಡುವುದು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ. ಆ ಪಂಪನ್ನು ಗುಂಡಿಯಿಂದ ಮೇಲೆತ್ತಿದ ಒಂದು ದಾಖಲೆಯೂ ರಿಜಿಸ್ಟರ್‌ನಲ್ಲಿ ಇರಲಿಲ್ಲ.

ಹೂಟರ್ ಕಥೆ ಇನ್ನೂ ಮುಖ್ಯ. ಅದರ ವೈರನ್ನು ಪ್ಯಾನೆಲ್‌ನಲ್ಲಿ ಬಿಚ್ಚಿ ಟೇಪ್ ಸುತ್ತಿಟ್ಟಿದ್ದರು. ಯಾಕೆ ಅಂದರೆ ಅದು ಪದೇ ಪದೇ ಬಾರಿಸುತ್ತಿತ್ತಂತೆ, ನಿದ್ದೆಗೆ ತೊಂದರೆ ಅಂತ ದೂರು ಬಂದಿತ್ತಂತೆ. ಪದೇ ಪದೇ ಯಾಕೆ ಬಾರಿಸುತ್ತಿತ್ತು? ಸಣ್ಣ ಮಳೆಗೂ ಗುಂಡಿ ಮೇಲಿನ ಮಟ್ಟಕ್ಕೆ ಏರುತ್ತಿತ್ತು, ಯಾಕೆಂದರೆ ಆಗಲೇ ನೀರು ವಾಪಸ್ ಬರುತ್ತಿತ್ತು. ದೋಷ ಇದೆ ಅಂತ ಕಟ್ಟಡಕ್ಕೆ ತಿಂಗಳ ಮುಂಚೆಯೇ ಗೊತ್ತಾಗಿತ್ತು, ಕೂಗಿಯೂ ಹೇಳಿತ್ತು. ಹೂಟರ್ ಸುಳ್ಳು ಹೇಳುತ್ತಿದೆ ಅಂತ ತೀರ್ಮಾನಿಸುವ ಮುಂಚೆ ಗುಂಡಿಯ ಮುಚ್ಚಳ ತೆಗೆದು ಒಮ್ಮೆ ನೋಡಿದ್ದರೆ ಸಾಕಿತ್ತು, ಅಲ್ವಾ?

ರ‍್ಯಾಂಪ್‌ನ ವಿಷಯ ಚಿಕ್ಕದು. ಮೇಲಿನ ಅಡ್ಡ ಜಾಲರಿಯಲ್ಲಿ ಎಲೆ ಕಟ್ಟಿಕೊಂಡು ರಸ್ತೆಯ ನೀರು ಅದನ್ನು ಹಾರಿ ಕೆಳಗಿಳಿದಿತ್ತು. ಗುಡಿಸಿದ್ದರೆ ಗುಂಡಿಗೆ ಬರುವ ನೀರು ಸಾಕಷ್ಟು ಕಡಿಮೆಯಾಗುತ್ತಿತ್ತು.

ಏನು ಬದಲಾಯಿಸಿದೆವು

ದೊಡ್ಡ ಪಂಪ್ ಹಾಕಿಸಿ ಅಂತ ಕಟ್ಟಡದವರು ಒತ್ತಾಯ ಮಾಡಿದರು. ನಾವು ಒಪ್ಪಲಿಲ್ಲ. ಇರುವ ಎರಡು ಪಂಪ್ ಸರಿಯಾಗಿ ಓಡಿದರೆ ಆ ಮಳೆಗೆ ಸಾಲುತ್ತಿತ್ತು ಅಂತ ಅಳತೆಯೇ ತೋರಿಸಿತ್ತು. ದೊಡ್ಡ ಪಂಪ್ ಚಿಕ್ಕ ಗುಂಡಿಯನ್ನು ಕ್ಷಣದಲ್ಲಿ ಖಾಲಿ ಮಾಡಿ ನಿಂತು ಮತ್ತೆ ಹಚ್ಚಿಕೊಂಡು, ಹಾಗೇ ಪದೇ ಪದೇ ಸ್ಟಾರ್ಟ್ ಆಗುತ್ತಾ ಮೋಟರ್ ಬಿಸಿ ಮಾಡಿಕೊಳ್ಳುತ್ತೆ. ಅದರ ಬದಲು ಎರಡೂ ಬಾಗಿಲಿನ ಎನ್‌ಆರ್‌ವಿ ತೆಗೆದು ಬಾಲ್ ಇರುವಂಥದ್ದನ್ನು ಹಾಕಿದೆವು. ಕೊಳಕು ನೀರಿಗೆ ಅದು ವಾಸಿ, ಕಸ ಸಿಕ್ಕಿಕೊಳ್ಳುವುದು ಕಡಿಮೆ. ಮುಂಚೆ ವಾಲ್ವ್‌ಗಳು ಗುಂಡಿಯ ಒಳಗೆ ಕೈಗೆ ಸಿಗದ ಜಾಗದಲ್ಲಿದ್ದವು, ಈಗ ನಿಂತು ಬಿಚ್ಚುವಷ್ಟು ಮೇಲೆ ತಂದಿದ್ದೇವೆ. ಹಾಗೆ ಮೇಲೆ ತಂದಾಗ ಪಂಪಿಗೂ ವಾಲ್ವಿಗೂ ನಡುವೆ ಗಾಳಿ ಸಿಕ್ಕಿಕೊಂಡು ಪಂಪ್ ನೀರೆತ್ತದೆ ಸುಮ್ಮನೆ ತಿರುಗುವ ಅಪಾಯ ಇರುತ್ತೆ. ಅದಕ್ಕೆ ವಾಲ್ವಿನ ಕೆಳಗಿನ ಪೈಪಿನಲ್ಲಿ ಮೂರು ಮಿಲಿಮೀಟರ್‌ನ ಒಂದು ತೂತು ಕೊರೆದು, ಬಾಯಿ ಗುಂಡಿಯ ಕಡೆಗೆ ಕೆಳಮುಖವಾಗಿ ಇರುವಂತೆ ನೋಡಿಕೊಂಡೆವು. ಪಂಪ್ ಓಡುವಾಗ ಅಲ್ಲಿಂದ ನೀರು ಚಿಮ್ಮುತ್ತೆ. ಅದು ಲೀಕ್ ಅಲ್ಲ, ಯಾರೂ ಎಂ-ಸೀಲ್ ಹಚ್ಚಿ ಮುಚ್ಚಬಾರದು ಅಂತ ಪಕ್ಕದಲ್ಲೇ ಬರೆದಿಟ್ಟಿದ್ದೇವೆ.

ಫ್ಲೋಟ್‌ಗಳಿಗೆ ಸರಪಳಿಯಿಂದ ದೂರ ಒಂದು ಪ್ರತ್ಯೇಕ ಸ್ಟೀಲ್ ಕಂಬಿ. ಎರಡೂ ಪಂಪ್ ಸರದಿಯಂತೆ ಹಚ್ಚಿಕೊಳ್ಳುವ ಹಾಗೆ ಪ್ಯಾನೆಲ್ ಬದಲಾವಣೆ. ಸ್ಟ್ಯಾಂಡ್‌ಬೈ ಅಂತ ಕೂರಿಸಿಟ್ಟ ಪಂಪ್ ಬೇಕಾದ ದಿನ ಏಳುವುದಿಲ್ಲ ಅನ್ನುವುದು ನಾನು ಎಷ್ಟೋ ಕಡೆ ನೋಡಿದ ಸತ್ಯ. ಹೂಟರ್‌ಗೆ ಬೇರೆ ಬ್ಯಾಟರಿ, ಸದ್ದು ನಿಲ್ಲಿಸುವ ಬಟನ್ ಒತ್ತಿದರೆ ಸ್ವಲ್ಪ ಹೊತ್ತಿನ ನಂತರ ತಾನೇ ಮತ್ತೆ ಬಾರಿಸುವ ವ್ಯವಸ್ಥೆ. ಮುಖ್ಯ ಕರೆಂಟ್ ತೆಗೆದು ಜನರೇಟರ್ ಬಂದಾಗ ಪಂಪ್ ತಾನಾಗಿ ಹಚ್ಚಿಕೊಳ್ಳುತ್ತದಾ ಅಂತಲೂ ನೋಡಿದೆವು, ಹಚ್ಚಿಕೊಂಡಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ರಿಜಿಸ್ಟರ್‌ನಲ್ಲಿ. ಈಗ ಅಲ್ಲಿ 'ಸರಿ' ಅಂತ ಬರೆಯುವ ಕಾಲಂ ಇಲ್ಲ. ಗುಂಡಿಯ ಗೋಡೆಗೆ 40 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದಿದ್ದೇವೆ. ಅವುಗಳ ನಡುವೆ 900 ಲೀಟರ್. ತಿಂಗಳಿಗೊಮ್ಮೆ ಪೈಪ್ ಹಿಡಿದು ಗುಂಡಿಗೆ ನೀರು ತುಂಬಿಸಬೇಕು, ಸ್ವಿಚ್ ಆಟೋದಲ್ಲೇ ಇರಬೇಕು, ಫ್ಲೋಟ್ ತಾನಾಗಿ ಎದ್ದು ಪಂಪ್ ಹಚ್ಚಬೇಕು. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಅಂತ ಪ್ರತಿ ಪಂಪಿಗೂ ಬರೆಯಬೇಕು. ಆ ಹೊತ್ತಿನಲ್ಲಿ ಇನ್ನೊಬ್ಬರು ಹೊರಗಿನ ಚರಂಡಿಯ ಬಾಯಿಯಲ್ಲಿ ನಿಂತು ನೀರು ಬರುವುದನ್ನು ನೋಡಬೇಕು. ಒಳಹರಿವು ಇಲ್ಲದಾಗ ಒಂದು ಪಂಪಿಗೆ ಸುಮಾರು 140 ಸೆಕೆಂಡು ಹಿಡಿಯುತ್ತೆ. 170 ದಾಟಿದರೆ ನಮಗೆ ಫೋನ್ ಬರಬೇಕು. ಹಳೆಯ ಸ್ಥಿತಿಯಲ್ಲಿ ಇದೇ ಪರೀಕ್ಷೆ ಮಾಡಿದ್ದರೆ 300 ಸೆಕೆಂಡು ಬರುತ್ತಿತ್ತು. ಯಾವ ತರಬೇತಿಯೂ ಇಲ್ಲದವರಿಗೂ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಾದರೆ ಮೊದಲು ಪಂಪ್ ನಿಲ್ಲಿಸಿ ಒಂದು ನಿಮಿಷ ಎಷ್ಟು ಏರುತ್ತೆ ಅಂತ ನೋಡಿ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಚಿಕ್ಕ ಮನೆಯ ಗುಂಡಿಗೂ ಇದೇ ಲೆಕ್ಕ ನಡೆಯುತ್ತೆ. 45 ಸೆಂಟಿಮೀಟರ್ ಅಗಲದ ದುಂಡು ಗುಂಡಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ 1.6 ಲೀಟರ್. ಎರಡು ಬಕೆಟ್ ನೀರು, ಒಂದು ಗಡಿಯಾರ ಇದ್ದರೆ ಸಾಕು.

ಪೈಪ್ ಹಿಡಿದು ಇಷ್ಟು ದೊಡ್ಡ ಗುಂಡಿ ತುಂಬಿಸಲು ಮುಕ್ಕಾಲು ಗಂಟೆ ಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಅದೇ ಹುಡುಗನೇ ಈಗಲೂ ಮಾಡುತ್ತಿದ್ದಾನೆ. ಮುಂದಿನ ಮಳೆಗಾಲದ ನಡುವೆ ಅವನೇ ಫೋನ್ ಮಾಡಿ, ಮೊದಲ ಪಂಪ್ 180 ಸೆಕೆಂಡು ತೆಗೆದುಕೊಳ್ಳುತ್ತಿದೆ, ಸದ್ದು ಮಾತ್ರ ಮಾಮೂಲಿಯಾಗೇ ಇದೆ ಅಂದ. ಹೋಗಿ ಬಿಚ್ಚಿದರೆ ಕಾರು ಒರೆಸುವ ಬಟ್ಟೆಯ ಒಂದು ಚೂರು ಇಂಪೆಲ್ಲರ್‌ಗೆ ಸುತ್ತಿಕೊಂಡಿತ್ತು. ಅದನ್ನು ತೆಗೆದ ಮೇಲೆ 142ಕ್ಕೆ ಬಂತು. ಚರಂಡಿಯಿಂದ ಗುಂಡಿಗೆ ನೀರು ಬೀಳುವ ಬಾಯಿಗೆ ಈಗ ಒಂದು ಜಾಲರಿ ಬುಟ್ಟಿ ಹಾಕಿದ್ದೇವೆ. ಅದನ್ನು ತೊಳೆಯುವ ಕೆಲಸವೂ ರಿಜಿಸ್ಟರ್‌ಗೆ ಸೇರಿದೆ, ಅಲ್ಲಿ ಬುಟ್ಟಿಯಲ್ಲಿ ಏನು ಸಿಕ್ಕಿತು ಅಂತ ಬರೆಯಬೇಕು.